ಡೇರೆಯ ಗೂಟ: ಮಣ್ಣು, ಕಬ್ಬಿಣ ಮತ್ತು ಲೆಕ್ಕಾಚಾರ

ಬೇಸಿಗೆ ರಜೆಯಲ್ಲಿಯೂ ಚಳಿಗಾಲದ ಬಿಡುವಿನಲ್ಲಿಯೂ ಮಕ್ಕಳನ್ನು ಕರೆದುಕೊಂಡು ಊರ ಹೊರಗೆ ಡೇರೆ ಹಾಕಿ ಒಂದೆರಡು ರಾತ್ರಿ ಕಳೆಯುವ ರೂಢಿ ನಗರದ ಕುಟುಂಬಗಳಲ್ಲಿ ಮೆಲ್ಲಗೆ ಬೇರೂರುತ್ತಿದೆ. ಕಲಬುರಗಿಯವರಿಗೆ ಚಿಂಚೋಳಿಯ ಚಂದ್ರಂಪಳ್ಳಿ ಜಲಾಶಯ, ಕಮಲಾಪುರ ಸುತ್ತಲಿನ ಗುಡ್ಡಗಳ ತಪ್ಪಲು, ಭೀಮಾ ನದಿಯ ದಂಡೆ ಇವೆಲ್ಲ ಒಂದು ದಿನದ ಪ್ರಯಾಣದೊಳಗಿನ ತಾಣಗಳು. ಈ ಬೇಡಿಕೆಯನ್ನು ಕಂಡು ತಾಡಪತ್ರಿ, ಹಗ್ಗ ಹಾಗೂ ಕಬ್ಬಿಣದ ಸಾಮಾನುಗಳ ಅಂಗಡಿಗಳಲ್ಲಿಯೂ ಮಡಚುವ ಡೇರೆಗಳು ಕಾಣಿಸಿಕೊಳ್ಳತೊಡಗಿವೆ.

ಗ್ರಾಹಕನು ಡೇರೆಯ ಬಟ್ಟೆ, ಬಣ್ಣ, ಎಷ್ಟು ಜನ ಮಲಗಬಹುದು ಎಂಬುದನ್ನೆಲ್ಲ ಕೇಳಿ ತಿಳಿದುಕೊಳ್ಳುತ್ತಾನೆ. ಗೂಟದ ವಿಷಯವನ್ನು ಮಾತ್ರ ಕೇಳುವುದಿಲ್ಲ. ಮಾರುವವನೂ ಹೇಳುವುದಿಲ್ಲ. ಆದರೆ ಗಾಳಿ ಬೀಸಿದ ರಾತ್ರಿ ಡೇರೆಯನ್ನು ನೆಲಕ್ಕೆ ಹಿಡಿದಿಡುವುದು ಪೆಟ್ಟಿಗೆಯ ಮೂಲೆಯಲ್ಲಿ ಬಿದ್ದಿರುವ ಆ ಹತ್ತು ಹನ್ನೆರಡು ಗೂಟಗಳೇ. ಅವು ಕಿತ್ತುಬಂದರೆ ಸಾವಿರಾರು ರೂಪಾಯಿಯ ಡೇರೆ ಹರಿಯುತ್ತದೆ, ಒಳಗೆ ಮಲಗಿದವರಿಗೆ ಅಪಾಯವಾಗುತ್ತದೆ, ದೂರು ಅಂಗಡಿಯ ಬಾಗಿಲಿಗೆ ಬರುತ್ತದೆ. ಆದ್ದರಿಂದ ಗೂಟದ ಆಯ್ಕೆಯು ವರ್ತಕರೂ ಸಣ್ಣ ತಯಾರಕರೂ ಲಕ್ಷ್ಯ ಕೊಡಬೇಕಾದ ವಿಷಯವಾಗಿದೆ.

ಈ ಸೀಮೆಗೆ ಗೂಟ ಹೊಸ ವಸ್ತುವೇನೂ ಅಲ್ಲ. ದನ ಕಟ್ಟಲು, ಕುರಿಹಟ್ಟಿಯ ಬಲೆ ಬಿಗಿಯಲು, ಮದುವೆಯ ಶಾಮಿಯಾನ ಎತ್ತಲು, ಶರಣಬಸವೇಶ್ವರ ಜಾತ್ರೆಯಲ್ಲಿ ಅಂಗಡಿ ಹೂಡಲು ಗೂಟ ಬೇಕೇ ಬೇಕು. ಆ ಅನುಭವವನ್ನು ಸ್ವಲ್ಪ ಲೆಕ್ಕಾಚಾರದೊಂದಿಗೆ ಕೂಡಿಸಿದರೆ ಕುಟುಂಬ ಶಿಬಿರಕ್ಕೆ ತಕ್ಕ ಗೂಟ ಯಾವುದೆಂಬುದು ಸ್ಪಷ್ಟವಾಗುತ್ತದೆ.

ಗಾಳಿಯ ಭಾರ ಎಷ್ಟು?

ಗಾಳಿಯು ಒಂದು ಗೋಡೆಯ ಮೇಲೆ ಹೇರುವ ಒತ್ತಡವು ಅದರ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಭಾರತೀಯ ಮಾನಕ ಐಎಸ್ 875ರ 3ನೆಯ ಭಾಗದಲ್ಲಿ ಬಳಸುವ ಸೂತ್ರದಂತೆ, ಸೆಕೆಂಡಿಗೆ ಮೀಟರುಗಳಲ್ಲಿ ಹೇಳಿದ ವೇಗವನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು 0.6ರಿಂದ ಗುಣಿಸಿದರೆ ಒಂದು ಚದರ ಮೀಟರಿನ ಮೇಲಿನ ಒತ್ತಡ ನ್ಯೂಟನ್‌ಗಳಲ್ಲಿ ಸಿಗುತ್ತದೆ. ಗಂಟೆಗೆ 36 ಕಿ.ಮೀ. ಗಾಳಿಗೆ ಈ ಒತ್ತಡ 60 ನ್ಯೂಟನ್, ಅಂದರೆ ಸುಮಾರು 6 ಕಿ.ಗ್ರಾಂ. ಭಾರ. ಗಂಟೆಗೆ 72 ಕಿ.ಮೀ. ಗಾಳಿಗೆ 240 ನ್ಯೂಟನ್, ಅಂದರೆ ಸುಮಾರು 24 ಕಿ.ಗ್ರಾಂ. ವೇಗ ಎರಡು ಪಟ್ಟಾದರೆ ಭಾರ ನಾಲ್ಕು ಪಟ್ಟಾಗುತ್ತದೆ.

ನಾಲ್ಕೈದು ಜನರ ಒಂದು ಡೇರೆಯ ಪಕ್ಕವು 4 ಮೀಟರ್ ಉದ್ದ, 1.8 ಮೀಟರ್ ಎತ್ತರವಿದೆ ಎಂದಿಟ್ಟುಕೊಳ್ಳೋಣ. ಅದರ ವಿಸ್ತೀರ್ಣ 7.2 ಚದರ ಮೀಟರ್. ಡೇರೆಯ ಇಳಿಜಾರು ಮುಂತಾದವನ್ನು ಬಿಟ್ಟು ಸ್ಥೂಲವಾಗಿ ಲೆಕ್ಕ ಹಾಕಿದರೆ, ಮೊದಲ ಗಾಳಿಗೆ ಆ ಪಕ್ಕದ ಮೇಲೆ ಸುಮಾರು 44 ಕಿ.ಗ್ರಾಂ., ಎರಡನೆಯ ಗಾಳಿಗೆ ಸುಮಾರು 176 ಕಿ.ಗ್ರಾಂ. ಭಾರ ಬೀಳುತ್ತದೆ. ಗಾಳಿ ಬರುವ ಪಕ್ಕದ ನಾಲ್ಕು ಗೂಟಗಳು ಇದನ್ನು ಸಮನಾಗಿ ಹಂಚಿಕೊಂಡರೂ ಒಂದೊಂದಕ್ಕೆ 44 ಕಿ.ಗ್ರಾಂ. ಅಡ್ಡ ಎಳೆತ ಬರುತ್ತದೆ. ಹಗ್ಗವು ನೆಲಕ್ಕೆ 45 ಡಿಗ್ರಿ ಓರೆಯಾಗಿದ್ದರೆ ಹಗ್ಗದ ಬಿಗಿತ 62 ಕಿ.ಗ್ರಾಂ. ತಲುಪುತ್ತದೆ. ವಾಸ್ತವದಲ್ಲಿ ಹಂಚಿಕೆ ಎಂದೂ ಸಮನಾಗಿರದು. ಒಂದು ಗೂಟ ಸಡಿಲವಾದ ಕ್ಷಣ ಅದರ ಪಾಲು ಪಕ್ಕದ ಗೂಟದ ಮೇಲೆ ಬೀಳುತ್ತದೆ. ಹೀಗೆ ಸಾಲು ಸಾಲಾಗಿ ಕಿತ್ತುಬರುವುದೇ ಡೇರೆಗಳು ಮಗುಚುವ ಸಾಮಾನ್ಯ ರೀತಿ.

ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ, ಅಂದರೆ ಶಾಲೆಗಳ ರಜೆ ಮತ್ತು ಮದುವೆಯ ಹಂಗಾಮು ಎರಡೂ ಇರುವಾಗ, ಈ ಭಾಗದಲ್ಲಿ ಮಧ್ಯಾಹ್ನ ಕಳೆದ ಮೇಲೆ ಗುಡುಗು ಸಹಿತ ಬಿರುಗಾಳಿ ಏಳುವುದುಂಟು. ಬೆಳಿಗ್ಗೆ ಎಲೆಯೂ ಅಲುಗದ ದಿನದಲ್ಲಿಯೇ ಸಂಜೆಗೆ ಇಂಥ ಗಾಳಿ ಬರಬಹುದು. ಗೂಟವನ್ನು ಬೆಳಗಿನ ಶಾಂತ ಹವೆಗಾಗಿ ಅಲ್ಲ, ಸಂಜೆಯ ಬಿರುಸಿಗಾಗಿ ಆರಿಸಬೇಕು.

ನೆಲವನ್ನು ನೋಡಿ ಗೂಟ

ಗೂಟಕ್ಕೆ ತನ್ನದೇ ಆದ ಹಿಡಿತವಿಲ್ಲ. ಅದನ್ನು ಹಿಡಿಯುವುದು ಸುತ್ತಲಿನ ಮಣ್ಣು. ಆದಕಾರಣ ಎಲ್ಲ ನೆಲಕ್ಕೂ ಒಂದೇ ಗೂಟ ಸಲ್ಲದು. ಕಲಬುರಗಿ ಜಿಲ್ಲೆಯೊಂದರಲ್ಲಿಯೇ ನಾಲ್ಕು ಬಗೆಯ ನೆಲಗಳು ಎದುರಾಗುತ್ತವೆ.

1. ಎರೆಭೂಮಿ: ಕಲಬುರಗಿ ನಗರದ ಸುತ್ತಮುತ್ತ ಬಸಾಲ್ಟ್ ಶಿಲೆ ಸವೆದು ಉಂಟಾದ ಕಪ್ಪು ಮಣ್ಣೇ ಪ್ರಧಾನ. ಇದರಲ್ಲಿನ ಜೇಡಿಯು ನೀರು ಹೀರಿದಾಗ ಹಿಗ್ಗುತ್ತದೆ, ಒಣಗಿದಾಗ ಕುಗ್ಗಿ ಆಳವಾಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಮೇಲ್ಪದರ ಕಲ್ಲಿನಂತೆ ಗಟ್ಟಿಯಾಗಿದ್ದರೂ ಬಿರುಕಿನ ಅಂಚಿನಲ್ಲಿ ನೆಟ್ಟ ಗೂಟಕ್ಕೆ ಒಂದು ಪಕ್ಕದಲ್ಲಿ ಆಧಾರವೇ ಇರುವುದಿಲ್ಲ. ಎಳೆತ ಬಿದ್ದೊಡನೆ ಹೆಂಟೆಯ ಸಮೇತ ಅದು ಸರಿಯುತ್ತದೆ. ಮಳೆಗಾಲದಲ್ಲಿ ಅದೇ ಮಣ್ಣು ಮೆತ್ತಗಾಗಿ ಸಣ್ಣ ಗೂಟವನ್ನು ಬೆಣ್ಣೆಯಿಂದ ಕೂದಲು ತೆಗೆದಂತೆ ಬಿಟ್ಟುಕೊಡುತ್ತದೆ. ಬೇಸಿಗೆಯಲ್ಲಿ ಬಾಗದಷ್ಟು ದಪ್ಪವಾಗಿರುವ, ಮಳೆಗಾಲದಲ್ಲಿ ಆಳಕ್ಕೆ ಇಳಿಯುವಷ್ಟು ಉದ್ದವಾಗಿರುವ ಗೂಟ ಇಲ್ಲಿ ಅವಶ್ಯ.

2. ಕೆಂಪು ಮಣ್ಣು ಮತ್ತು ಗರಸು: ಹುಮನಾಬಾದ ಮಾರ್ಗದಲ್ಲಿರುವ ಕಮಲಾಪುರದ ಪರಿಸರದಲ್ಲಿ ನೆಲದ ಬಣ್ಣವೇ ಬದಲಾಗುತ್ತದೆ. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕಮಲಾಪುರ ಕೆಂಪು ಬಾಳೆ ಬೆಳೆಯುವುದು ಇಲ್ಲಿನ ಕಣಿವೆಯ ಕೆಂಪು ಮಣ್ಣಿನಲ್ಲಿ. ತೋಟದ ಮಣ್ಣು ಸಡಿಲ. ಗುಡ್ಡದ ಮೇಲಾದರೋ ಗರಸು ಮತ್ತು ಜಂಬಿಟ್ಟಿಗೆಯ ಚೂರುಗಳು ಕೂಡಿದ ಬಿರುಸು ನೆಲ. ಗರಸಿನಲ್ಲಿ ತೆಳ್ಳನೆಯ ತಂತಿಯ ಗೂಟ ಕಲ್ಲಿಗೆ ತಾಗಿ ತಿರುಚುತ್ತದೆ, ಪ್ಲಾಸ್ಟಿಕ್ ಗೂಟದ ತುದಿ ಮುರಿಯುತ್ತದೆ. ಚೂಪಾದ ತುದಿಯ, ದಪ್ಪ ಉಕ್ಕಿನ ಗೂಟವೇ ಇಲ್ಲಿ ಒಳಕ್ಕಿಳಿಯುವುದು. ಒಮ್ಮೆ ಇಳಿದರೆ ಗರಸು ಚೆನ್ನಾಗಿ ಹಿಡಿಯುತ್ತದೆ. ಆದ್ದರಿಂದ ಇಲ್ಲಿ ಉದ್ದಕ್ಕಿಂತ ದಪ್ಪಕ್ಕೆ ಪ್ರಾಶಸ್ತ್ಯ.

3. ಫರಸಿ ಕಲ್ಲಿನ ನೆಲ: ಶಹಾಬಾದ, ಚಿತ್ತಾಪುರ, ಸೇಡಂ ಕಡೆಗೆ ಸುಣ್ಣಕಲ್ಲಿನ ಪದರಗಳ ಮೇಲೆ ಕೆಲವೆಡೆ ಗೇಣುದ್ದದ ಮಣ್ಣೂ ಇರುವುದಿಲ್ಲ. ಅಂಥಲ್ಲಿ ಯಾವ ಗೂಟವೂ ನಿಲ್ಲದು. ಹಗ್ಗವನ್ನು ಭಾರವಾದ ಕಲ್ಲಿಗೆ ಕಟ್ಟಬೇಕು, ಇಲ್ಲವೇ ಮರಳಿನ ಚೀಲ ಬಳಸಬೇಕು. ಆದರೆ ನೆಲದ ಮೇಲಿಟ್ಟ 25 ಕಿ.ಗ್ರಾಂ. ಚೀಲವು 25 ಕಿ.ಗ್ರಾಂ. ಅಡ್ಡ ಎಳೆತವನ್ನು ತಡೆಯುತ್ತದೆಂದು ಭಾವಿಸಬಾರದು. ಅದು ಜಾರುವುದನ್ನು ತಡೆಯುವುದು ಘರ್ಷಣೆ ಮಾತ್ರ. ಘರ್ಷಣೆಯ ಬಲವು ಸಾಮಾನ್ಯವಾಗಿ ಚೀಲದ ತೂಕದ ಅರ್ಧದ ಆಸುಪಾಸಿನಲ್ಲಿರುತ್ತದೆ.

4. ನದಿಯ ಮರಳು: ಭೀಮಾ ದಂಡೆಯಂಥ ಸಡಿಲ ಮರಳಿನಲ್ಲಿ ದುಂಡು ಸರಳಿನ ಗೂಟ ನಿರುಪಯುಕ್ತ. ಅಗಲವಾದ ಮೈಯುಳ್ಳ ಉದ್ದ ಗೂಟ ಬೇಕು. ಅದಿಲ್ಲದಿದ್ದರೆ ಒಂದು ಕೋಲಿನ ಅಥವಾ ಮರಳು ತುಂಬಿದ ಚೀಲದ ನಡುವಿಗೆ ಹಗ್ಗ ಕಟ್ಟಿ ಮೊಳದಾಳದಲ್ಲಿ ಅಡ್ಡಲಾಗಿ ಹೂಳಬೇಕು. ಮೇಲಿನ ಮರಳಿನ ಭಾರವೆಲ್ಲ ಅದಕ್ಕೆ ಆಧಾರವಾಗುತ್ತದೆ.

ಗೂಟಗಳ ಬಗೆಗಳು

ಮಾರುಕಟ್ಟೆಗೆ ಬರುವ ಗೂಟಗಳನ್ನು ಮುಖ್ಯವಾಗಿ ಐದು ಬಗೆಯಾಗಿ ವಿಂಗಡಿಸಬಹುದು.

ತಂತಿ ಗೂಟ: ಅಗ್ಗದ ಡೇರೆಗಳೊಂದಿಗೆ ಉಚಿತವಾಗಿ ಬರುವ, ಪೆನ್ಸಿಲಿಗಿಂತ ತೆಳ್ಳಗಿನ ಕೊಕ್ಕೆ. ಹುಲ್ಲುಹಾಸಿನ ಮೆತ್ತನೆಯ ನೆಲವನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ಬೇಸಿಗೆಯ ಎರೆಭೂಮಿಯಲ್ಲಿ ಎರಡು ಪೆಟ್ಟಿಗೆ ಬಾಗುತ್ತದೆ.

ದುಂಡು ಸರಳಿನ ಗೂಟ: 8 ಅಥವಾ 10 ಮಿ.ಮೀ. ಸರಳನ್ನು ತುಂಡರಿಸಿ, ತುದಿ ಚೂಪು ಮಾಡಿ, ತಲೆಯನ್ನು ಕೊಕ್ಕೆಯಾಗಿ ಬಾಗಿಸಿದ್ದು. ಈ ಭಾಗದ ಗಟ್ಟಿ ನೆಲಕ್ಕೆ ಎಲ್ಲಕ್ಕಿಂತ ಹೊಂದುವಂಥದು ಇದೇ. ತೂಕ ಹೆಚ್ಚೆಂಬುದೊಂದೇ ಕುಂದು. ಕಾರಿನಲ್ಲಿ ಹೋಗುವ ಕುಟುಂಬಕ್ಕೆ ಅದು ದೊಡ್ಡ ಅಡಚಣೆಯಲ್ಲ.

ಕೋನಾಕೃತಿಯ ಗೂಟ: ತಗಡು ಅಥವಾ ಆ್ಯಂಗಲ್ ಪಟ್ಟಿಯಿಂದ ಮಾಡಿದ, ಅಗಲ ಮೈಯುಳ್ಳ ಗೂಟ. ಮಳೆಯಲ್ಲಿ ನೆನೆದ ಮಣ್ಣು, ತೋಟದ ಸಡಿಲ ಮಣ್ಣು, ಮರಳು ಇವುಗಳಿಗೆ ಉತ್ತಮ. ದುಂಡು ಗೂಟದಂತೆ ಇದು ಹಗ್ಗದ ಸೆಳೆತಕ್ಕೆ ತಿರುಗಿಕೊಳ್ಳುವುದಿಲ್ಲ.

ಅಲ್ಯುಮಿನಿಯಂ ಗೂಟ: ಉಕ್ಕಿನ ಮೂರನೆಯ ಒಂದು ಭಾಗದಷ್ಟೇ ತೂಕ. ಒಳ್ಳೆಯ ಮಿಶ್ರಲೋಹದ್ದಾದರೆ ಬಲವೂ ಇರುತ್ತದೆ. ಬೆನ್ನಮೇಲೆ ಹೊತ್ತು ಚಾರಣ ಹೋಗುವವರಿಗೆ ಇದು ತಕ್ಕದ್ದು. ಗರಸಿನಲ್ಲಿ ಸುತ್ತಿಗೆಯಿಂದ ಬಡಿಯಲು ತಕ್ಕದ್ದಲ್ಲ.

ಪ್ಲಾಸ್ಟಿಕ್ ಗೂಟ: ಅಗಲವಾಗಿ, ಹಗುರವಾಗಿ, ತುಕ್ಕಿಲ್ಲದೆ ಇರುತ್ತದೆ. ಮೆತ್ತನೆಯ ಮಣ್ಣಿಗೆ ಸಾಕು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲಿನಲ್ಲಿ ಹೊರಗೆ ಬಿದ್ದಿದ್ದರೆ ಕಾಲಕ್ರಮದಲ್ಲಿ ಪೆಡಸಾಗಿ ಒಡೆಯುತ್ತದೆ.

ದಪ್ಪ ಮತ್ತು ಉದ್ದದ ಆಯ್ಕೆ

ಸರಳಿನ ವ್ಯಾಸವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಮೀಟರಿನ ತೂಕ ಕಿಲೋಗ್ರಾಂನಲ್ಲಿ ಸಿಗುತ್ತದೆ ಎಂಬುದು ಕಬ್ಬಿಣದ ವ್ಯಾಪಾರಿಗಳಿಗೆ ಕಂಠಪಾಠವಾದ ಸೂತ್ರ. 6 ಮಿ.ಮೀ. ಸರಳು ಮೀಟರಿಗೆ 222 ಗ್ರಾಂ., 8 ಮಿ.ಮೀ. 395 ಗ್ರಾಂ., 10 ಮಿ.ಮೀ. 617 ಗ್ರಾಂ. ತೂಗುತ್ತವೆ. ಬೆಲೆ ಏರುವುದು ಈ ತೂಕದ ಪ್ರಮಾಣದಲ್ಲಿ, ಅಂದರೆ ವ್ಯಾಸದ ವರ್ಗದಂತೆ. ಆದರೆ ಬಾಗುವುದನ್ನು ತಡೆಯುವ ಬಲ ಏರುವುದು ವ್ಯಾಸದ ಘನದಂತೆ. 6 ಮಿ.ಮೀ.ನಿಂದ 8 ಮಿ.ಮೀ.ಗೆ ಹೋದರೆ ಲೋಹದ ಖರ್ಚು 1.78 ಪಟ್ಟು, ಬಲ 2.37 ಪಟ್ಟು. 8ರಿಂದ 10ಕ್ಕೆ ಹೋದರೆ ಖರ್ಚು 1.56 ಪಟ್ಟು, ಬಲ 1.95 ಪಟ್ಟು. ದಪ್ಪಕ್ಕಾಗಿ ಕೊಟ್ಟ ರೂಪಾಯಿಗೆ ರೂಪಾಯಿಗಿಂತ ಹೆಚ್ಚಿನ ಬಲ ಸಿಗುತ್ತದೆ ಎಂದಾಯಿತು.

ಉದ್ದದ ವಿಷಯದಲ್ಲಿಯೂ ಇದೇ ನ್ಯಾಯ. ಗೂಟ ಕಿತ್ತುಬರಬೇಕಾದರೆ ಅದರ ಮುಂದಿರುವ ಮಣ್ಣಿನ ಬೆಣೆಯನ್ನು ತಳ್ಳಬೇಕು. ಆಳ ಹೆಚ್ಚಿದಂತೆ ಆ ಬೆಣೆಯ ಗಾತ್ರ ಉದ್ದಕ್ಕಿಂತ ವೇಗವಾಗಿ ಬೆಳೆಯುತ್ತದೆ, ಕೆಳಗಿನ ಮಣ್ಣು ಮೇಲಿನದಕ್ಕಿಂತ ಬಿಗಿಯಾಗಿಯೂ ಇರುತ್ತದೆ. ಕುಟುಂಬದ ಡೇರೆಗೆ ಒಂದು ಸ್ಥೂಲ ಮಾರ್ಗದರ್ಶನ ಹೀಗಿರಬಹುದು: ನೆಲಹಾಸಿನ ಅಂಚು ಹಿಡಿಯಲು 20ರಿಂದ 25 ಸೆಂ.ಮೀ., ಗಾಳಿ ಹಗ್ಗಗಳಿಗೆ 30 ಸೆಂ.ಮೀ., ಮೂಲೆಗಳಿಗೆ ಹಾಗೂ ಮಳೆಗಾಲದ ಎರೆಭೂಮಿಗೆ 40 ಸೆಂ.ಮೀ. ಶಾಮಿಯಾನದಂಥ ದೊಡ್ಡ ಹೊದಿಕೆಗೆ ಇವು ಸಾಲವು. ಅದಕ್ಕೆ ಹೆಚ್ಚು ಉದ್ದದ, ಹೆಚ್ಚು ದಪ್ಪದ ಗೂಟಗಳೇ ಬೇಕು.

ಸಣ್ಣ ತಯಾರಕರಿಗೆ

ಕಪನೂರ, ನಂದೂರಿನಂಥ ಕೈಗಾರಿಕಾ ಪ್ರದೇಶಗಳ ಸಣ್ಣ ಘಟಕಗಳಿಗೆ ಈ ಪದಾರ್ಥವನ್ನು ತಯಾರಿಸಲು ಹೊಸ ಯಂತ್ರೋಪಕರಣ ಬೇಕಿಲ್ಲ. ಸರಳು ಕತ್ತರಿಸುವ ಯಂತ್ರ, ಬಾಗಿಸುವ ಅಚ್ಚು, ಸಾಣೆ ಇವಿಷ್ಟೇ ಸಾಕು. ಆದರೆ ಮೂರು ಸಂಗತಿಗಳನ್ನು ಗಮನಿಸಬೇಕು.

ಮೊದಲನೆಯದು ಉಕ್ಕಿನ ಜಾತಿ. ಕಟ್ಟಡ ಕೆಲಸದಲ್ಲಿ ಉಳಿದ ಟಿಎಂಟಿ ತುಂಡುಗಳು ಅಗ್ಗವಾಗಿ ದೊರೆಯುತ್ತವೆ. ಎಫ್ಇ 500 ದರ್ಜೆಯ ಟಿಎಂಟಿ ಸರಳು ಬಾಗತೊಡಗುವ ಮಿತಿಯು ಸಾಧಾರಣ ಮೆದು ಉಕ್ಕಿನ ಎರಡು ಪಟ್ಟಿನಷ್ಟಿದೆ. ಅದೇ ದಪ್ಪದಲ್ಲಿ ಗಟ್ಟಿ ಗೂಟ ಬೇಕೆಂದರೆ ಇದು ಲಾಭದಾಯಕ. ಆದರೆ ಅದರ ಬಲವಿರುವುದು ತಯಾರಿಕೆಯ ವೇಳೆ ನೀರಿನಿಂದ ತಣಿಸಿ ಗಟ್ಟಿಗೊಳಿಸಿದ ಹೊರಪದರದಲ್ಲಿ. ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಬಾಗಿಸಿದರೆ ಆ ಬಲ ಹೊರಟುಹೋಗುತ್ತದೆ. ಟಿಎಂಟಿಯನ್ನು ತಣ್ಣಗಿರುವಾಗಲೇ, ಸಾಕಷ್ಟು ದೊಡ್ಡ ಸುತ್ತಿನ ಅಚ್ಚಿನ ಮೇಲೆ ಬಾಗಿಸಬೇಕು. ಅದರ ಮೈಮೇಲಿನ ಗೆರೆಗಳು ಹಗ್ಗವನ್ನು ಸವೆಸುವುದರಿಂದ ಹಗ್ಗ ಕೂರುವ ಕೊಕ್ಕೆಯ ಒಳಭಾಗವನ್ನು ಉಜ್ಜಿ ನಯ ಮಾಡಬೇಕು.

ಎರಡನೆಯದು ತುಂಡಿನ ಅಳತೆ. ಸರಳು ಬರುವುದು 12 ಮೀಟರ್ ಉದ್ದದಲ್ಲಿ. ಕೊಕ್ಕೆ ಸೇರಿ ಒಂದು ಗೂಟಕ್ಕೆ 38 ಸೆಂ.ಮೀ. ಇಟ್ಟರೆ 31 ತುಂಡುಗಳಾಗಿ 22 ಸೆಂ.ಮೀ. ಉಳಿಕೆ ಬೀಳುತ್ತದೆ. ಅದನ್ನೇ 37.5 ಸೆಂ.ಮೀ. ಮಾಡಿದರೆ 32 ತುಂಡುಗಳು ಸರಿಯಾಗಿ ಬರುತ್ತವೆ, ಉಳಿಕೆಯೇ ಇಲ್ಲ. ಅರ್ಧ ಸೆಂಟಿಮೀಟರಿನಿಂದ ಗೂಟದ ಉಪಯುಕ್ತತೆಗೆ ಕುಂದಿಲ್ಲ, ಆದರೆ ಪ್ರತಿ ಸರಳಿಗೆ ಒಂದು ಗೂಟ ಹೆಚ್ಚು ದೊರೆಯುತ್ತದೆ.

ಮೂರನೆಯದು ಲೇಪನ. ಬರಿಯ ಬಣ್ಣವು ಮೊದಲ ಬಳಕೆಯಲ್ಲಿಯೇ ಮಣ್ಣಿಗೆ ಉಜ್ಜಿ ಹೋಗುತ್ತದೆ. ಸತುವಿನ ಲೇಪನ ಹೆಚ್ಚು ಬಾಳುತ್ತದೆ. ತಲೆಯ ಭಾಗಕ್ಕೆ ಮಾತ್ರ ಹಳದಿ ಅಥವಾ ಕಿತ್ತಳೆ ಬಣ್ಣ ಬಳಿದರೆ ರಾತ್ರಿ ಮಕ್ಕಳು ಎಡವುವುದು ತಪ್ಪುತ್ತದೆ, ಹೊರಡುವಾಗ ಗೂಟ ಹುಲ್ಲಿನಲ್ಲಿ ಕಳೆಯುವುದೂ ತಪ್ಪುತ್ತದೆ. ಕೊಕ್ಕೆಯ ತುದಿಯನ್ನು ಮೊಂಡು ಮಾಡುವುದನ್ನು ಮರೆಯಬಾರದು.

ವೆಚ್ಚದ ಲೆಕ್ಕ

ವೆಚ್ಚ ನಿರ್ಣಯದ ರೀತಿಯನ್ನು ಒಂದು ಉದಾಹರಣೆಯಿಂದ ನೋಡಬಹುದು. ಇಲ್ಲಿನ ದರಗಳು ಕೇವಲ ಲೆಕ್ಕಕ್ಕಾಗಿ ಊಹಿಸಿಕೊಂಡವು. ಓದುಗರು ತಮ್ಮ ದರಗಳನ್ನು ಅವುಗಳ ಸ್ಥಾನದಲ್ಲಿ ಇಟ್ಟು ನೋಡಬೇಕು. 8 ಮಿ.ಮೀ. ಸರಳಿನ 12 ಮೀಟರ್ ತೂಕ 4.74 ಕಿ.ಗ್ರಾಂ. ಕಿಲೋಗೆ 60 ರೂ.ನಂತೆ 284.40 ರೂ. 32 ಗೂಟಗಳಿಗೆ ಹಂಚಿದರೆ ಒಂದಕ್ಕೆ 8.89 ರೂ. ಕೂಲಿ 4 ರೂ., ಲೇಪನ 3 ರೂ., ಕಟ್ಟುವಿಕೆ 1.50 ರೂ., ಇತರ ಮೇಲ್ಖರ್ಚು 2.50 ರೂ. ಕೂಡಿಸಿದರೆ ಉತ್ಪಾದನಾ ವೆಚ್ಚ ಸುಮಾರು 20 ರೂ. ಶೇ. 15 ಲಾಭ ಸೇರಿ 23 ರೂ., ಶೇ. 18 ತೆರಿಗೆ ಸೇರಿ ಸುಮಾರು 27 ರೂ. ಇದೇ ಸರಳಿನಿಂದ 31 ಗೂಟಗಳನ್ನೇ ತೆಗೆದರೆ ಗೂಟಕ್ಕೆ ಸುಮಾರು 29 ಪೈಸೆ ಹೆಚ್ಚುತ್ತದೆ. ಹತ್ತು ಸಾವಿರ ಗೂಟಗಳಿಗೆ ಅದು ಸುಮಾರು 2,900 ರೂಪಾಯಿ.

ಇಂಥ ಗೂಟವನ್ನು 8 ರೂಪಾಯಿಯ ತಂತಿ ಗೂಟದೊಂದಿಗೆ ಹೋಲಿಸಿ ಗ್ರಾಹಕನು ದುಬಾರಿ ಎನ್ನಬಹುದು. ಒಂದು ಕುಟುಂಬಕ್ಕೆ 12 ಗೂಟಗಳ ಮೇಲೆ ಬೀಳುವ ಹೆಚ್ಚುವರಿ ಹೊರೆ 228 ರೂ. ಡೇರೆಯ ಬೆಲೆಯ ಮುಂದೆ ಅದು ವಿಮಾ ಕಂತಿನಂತೆ.

ಬಾಡಿಗೆಗೆ ಡೇರೆ ಕೊಡುವವರ ಲೆಕ್ಕ ಬೇರೆ. ಅವರಲ್ಲಿ 500 ಗೂಟಗಳಿದ್ದು ವರ್ಷಕ್ಕೆ 40 ಬಾರಿ ಬಳಕೆಯಾಗುತ್ತವೆ ಎಂದುಕೊಳ್ಳೋಣ. ಪ್ರತಿ ಬಾರಿ ತಂತಿ ಗೂಟಗಳಲ್ಲಿ ಶೇ. 6ರಷ್ಟು ಬಾಗಿ ಅಥವಾ ಕಳೆದು ಹೋದರೆ ವಾರ್ಷಿಕ ನಷ್ಟ 9,600 ರೂ. ದಪ್ಪ ಗೂಟಗಳಲ್ಲಿ ಶೇ. 1ರಷ್ಟು ಹೋದರೆ 5,400 ರೂ. ಉಳಿತಾಯ 4,200 ರೂ. ಆರಂಭದ ಹೆಚ್ಚುವರಿ ಹೂಡಿಕೆ 9,500 ರೂ. ಅದು ಮರಳಿ ಬರಲು ಎರಡು ಕಾಲು ವರ್ಷ ಬೇಕು. ಆದರೆ ತಂತಿ ಗೂಟಗಳ ನಷ್ಟ ಶೇ. 3.4ಕ್ಕಿಂತ ಕಡಿಮೆಯಿದ್ದರೆ ಗೂಟಗಳ ಲೆಕ್ಕದಲ್ಲಿ ಮಾತ್ರ ಯಾವ ಉಳಿತಾಯವೂ ಇಲ್ಲ. ಆಗ ದಪ್ಪ ಗೂಟಕ್ಕೆ ಕಾರಣ ಬಟ್ಟೆಯ ಹಾನಿ ಮತ್ತು ಗ್ರಾಹಕನ ಸುರಕ್ಷತೆಯೇ ಹೊರತು ಗೂಟದ ಬೆಲೆಯಲ್ಲ. ಯಾವುದು ತಮಗೆ ಅನ್ವಯಿಸುತ್ತದೆ ಎಂದು ತಿಳಿಯಲು ಎಣಿಕೆಯೊಂದೇ ದಾರಿ.

ಆ ಎಣಿಕೆಗೆ ವಾಣಿಜ್ಯ ಶಾಸ್ತ್ರದಲ್ಲಿ ಬಿಡಿ ಉಪಕರಣಗಳಿಗೆ ಹೇಳಿದ ಮರುಮೌಲ್ಯೀಕರಣ ಪದ್ಧತಿ ಚೆನ್ನಾಗಿ ಒಗ್ಗುತ್ತದೆ. ವರ್ಷದ ಆರಂಭದ ದಾಸ್ತಾನಿಗೆ ಖರೀದಿಯನ್ನು ಕೂಡಿಸಿ, ವರ್ಷಾಂತ್ಯದಲ್ಲಿ ಉಪಯೋಗಕ್ಕೆ ಯೋಗ್ಯವಾಗಿ ಉಳಿದ ಗೂಟಗಳ ಮೌಲ್ಯವನ್ನು ಕಳೆದರೆ ಆ ವರ್ಷದ ಖರ್ಚು ಸಿಗುತ್ತದೆ. ಒಂದೊಂದು ಗೂಟಕ್ಕೆ ಸವಕಳಿ ಹಾಕುವ ತೊಡಕು ಬೇಕಿಲ್ಲ.

ತೆರಿಗೆಯ ಅಂಶಗಳು

ಕಬ್ಬಿಣ ಅಥವಾ ಉಕ್ಕಿನ ಡೇರೆ ಗೂಟಗಳು ಸರಕು ವರ್ಗೀಕರಣದ 7326ನೆಯ ಶೀರ್ಷಿಕೆಯಲ್ಲಿ ಬರುತ್ತವೆ. ಇವುಗಳ ಸರಕು ಮತ್ತು ಸೇವಾ ತೆರಿಗೆ ಶೇ. 18. ಡೇರೆಗಳು 6306ನೆಯ ಶೀರ್ಷಿಕೆಗೆ ಸೇರುತ್ತವೆ. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಹೊಸ ದರಗಳಂತೆ, ಒಂದಕ್ಕೆ 2,500 ರೂ. ಮೀರದ ಮಾರಾಟ ಮೌಲ್ಯದ ಸಿದ್ಧ ಜವಳಿ ಪದಾರ್ಥಗಳಿಗೆ ಶೇ. 5, ಅದನ್ನು ಮೀರಿದವಕ್ಕೆ ಶೇ. 18 ತೆರಿಗೆ ಇದೆ.

ಡೇರೆಯೊಂದಿಗೆ ಅದರ ಕೋಲು, ಹಗ್ಗ, ಗೂಟಗಳನ್ನು ಒಟ್ಟಾಗಿ ಕೊಟ್ಟರೂ ಅದು ಡೇರೆಯಾಗಿಯೇ ವರ್ಗೀಕರಣಗೊಳ್ಳುತ್ತದೆ. 2017ರ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಅಧಿನಿಯಮದ 8ನೆಯ ಕಲಮಿನಂತೆ ಸಂಯುಕ್ತ ಪೂರೈಕೆಗೆ ಪ್ರಧಾನ ವಸ್ತುವಿನ ದರವೇ ಅನ್ವಯ. ಆದರೆ ಗ್ರಾಹಕನು ಅದೇ ಅಂಗಡಿಯಲ್ಲಿ ಗೂಟಗಳ ಬೇರೊಂದು ಕಟ್ಟನ್ನು ಪ್ರತ್ಯೇಕ ಬೆಲೆ ಕೊಟ್ಟು ಕೊಂಡರೆ ಅದಕ್ಕೆ ಶೇ. 18 ಹಾಕತಕ್ಕದ್ದು. ಬಿಲ್ಲಿನಲ್ಲಿ ಎರಡು ಸಾಲುಗಳಾಗಿ ಬರೆಯುವುದು ಕ್ಷೇಮ. ಶೇ. 18 ಕೊಟ್ಟು ಕೊಂಡ ಗೂಟಗಳನ್ನು ಶೇ. 5ರ ಡೇರೆಯೊಳಗೆ ಸೇರಿಸಿ ಮಾರುವ ತಯಾರಕರಲ್ಲಿ ಹೂಡುವಳಿ ತೆರಿಗೆ ಜಮೆ ಬೆಳೆಯುತ್ತ ಹೋಗಬಹುದು. ಅಂಥವರು 54(3)ನೆಯ ಕಲಮಿನಡಿ ಮರುಪಾವತಿಗೆ ಅರ್ಹರೇ ಎಂದು ಪರಿಶೀಲಿಸಿಕೊಳ್ಳಬೇಕು.

ಇನ್ನೊಂದು ಎಚ್ಚರಿಕೆ ನೋಂದಣಿಗೆ ಸಂಬಂಧಿಸಿದ್ದು. ಕರ್ನಾಟಕದಲ್ಲಿ ಕೇವಲ ಸರಕು ಮಾರುವವರಿಗೆ 40 ಲಕ್ಷ ರೂ. ವಹಿವಾಟಿನವರೆಗೆ ಇರುವ ವಿನಾಯಿತಿಯು, ಡೇರೆ ಅಥವಾ ಶಾಮಿಯಾನವನ್ನು ಬಾಡಿಗೆಗೆ ಕೊಡುವ ಸೇವೆಯನ್ನೂ ನಡೆಸುವವರಿಗೆ ದೊರೆಯದು. ಅವರ ಮಿತಿ 20 ಲಕ್ಷ ರೂ.

ಲೇಬಲು ಮತ್ತು ಹೊಣೆ

ಗೂಟಗಳನ್ನು ಕಟ್ಟು ಮಾಡಿ ಚಿಲ್ಲರೆ ಮಾರಾಟಕ್ಕೆ ಇಡುವುದಾದರೆ 2011ರ ಕಾನೂನು ಮಾಪನಶಾಸ್ತ್ರ ಪೊಟ್ಟಣ ಸಾಮಗ್ರಿಗಳ ನಿಯಮಗಳು ಅನ್ವಯಿಸುತ್ತವೆ. ತಯಾರಕರ ಹೆಸರು ಮತ್ತು ವಿಳಾಸ, ವಸ್ತುವಿನ ಹೆಸರು, ಸಂಖ್ಯೆ, ತಯಾರಾದ ತಿಂಗಳು ಮತ್ತು ವರ್ಷ, ಎಲ್ಲ ತೆರಿಗೆಗಳೂ ಸೇರಿದ ಗರಿಷ್ಠ ಚಿಲ್ಲರೆ ಬೆಲೆ, ಗ್ರಾಹಕರ ದೂರಿಗೆ ಸಂಪರ್ಕ ಇವನ್ನು ಮುದ್ರಿಸಬೇಕು.

2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ 6ನೆಯ ಅಧ್ಯಾಯವು ಉತ್ಪನ್ನ ಹೊಣೆಯನ್ನು ವಿಧಿಸುತ್ತದೆ. ದೋಷಯುಕ್ತ ವಸ್ತುವಿನಿಂದಾದ ಹಾನಿಗೆ ತಯಾರಕನೂ, ಕೆಲವು ಸಂದರ್ಭಗಳಲ್ಲಿ ಮಾರಾಟಗಾರನೂ ಪರಿಹಾರ ಕೊಡಬೇಕಾಗುತ್ತದೆ. ಸರಿಯಾದ ಬಳಕೆಯ ಸೂಚನೆ, ಎಚ್ಚರಿಕೆಗಳನ್ನು ಕೊಡದಿರುವುದೂ ಹೊಣೆಗೆ ಕಾರಣವಾಗಬಲ್ಲದು. ಎಲ್ಲ ನೆಲಕ್ಕೂ ಸೈ, ಎಂಥ ಗಾಳಿಗೂ ಜಗ್ಗದು ಎಂದು ಪೊಟ್ಟಣದ ಮೇಲೆ ಬರೆಯುವ ಮೊದಲು ಇದನ್ನು ನೆನೆಯಬೇಕು. ಅದರ ಬದಲು, ಒಂದು ನೂರು ಕಿಲೋ ಕೊಂಡಿ ತಕ್ಕಡಿಯನ್ನು ಗೂಟಕ್ಕೆ ಸಿಕ್ಕಿಸಿ, ಓರೆಯಾಗಿ ಎಳೆದು, ಅದು ಒಂದಿಂಚು ಸರಿದಾಗ ತಕ್ಕಡಿ ತೋರಿದ ಭಾರವನ್ನು ಬರೆದಿಟ್ಟುಕೊಳ್ಳುವುದು ಯಾವ ಘಟಕಕ್ಕೂ ಸಾಧ್ಯ. ಕಲಬುರಗಿಯ ಎರೆಭೂಮಿಯಲ್ಲಿ, ಕಮಲಾಪುರದ ಕೆಂಪು ಮಣ್ಣಿನಲ್ಲಿ, ಒಣಗಿದಾಗ ಮತ್ತು ನೆನೆದಾಗ ಹೀಗೆ ಪರೀಕ್ಷಿಸಿ ಬಂದ ಅಂಕಿಗಳನ್ನು ಪೊಟ್ಟಣದ ಮೇಲೆ ಮುದ್ರಿಸಿದರೆ ಅದಕ್ಕಿಂತ ಒಳ್ಳೆಯ ಜಾಹೀರಾತು ಇಲ್ಲ.

ಸಣ್ಣ ಘಟಕಗಳಿಂದ ಉದ್ರಿ ಖರೀದಿಸುವ ವರ್ತಕರು 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಅಧಿನಿಯಮವನ್ನೂ ನೆನಪಿನಲ್ಲಿಡಬೇಕು. ಬರಹದಲ್ಲಿ ಕರಾರಿದ್ದರೂ ನೋಂದಾಯಿತ ಸೂಕ್ಷ್ಮ ಹಾಗೂ ಸಣ್ಣ ಉತ್ಪಾದಕರಿಗೆ 45 ದಿನಗಳ ಒಳಗೆ ಹಣ ಸಂದಾಯವಾಗಬೇಕು.

ಗ್ರಾಹಕನಿಗೆ ಹೇಳಬೇಕಾದದ್ದು

ಒಳ್ಳೆಯ ಗೂಟವೂ ತಪ್ಪಾಗಿ ನೆಟ್ಟರೆ ವ್ಯರ್ಥ. ಬಿಲ್ಲಿನೊಂದಿಗೆ ಈ ಕೆಳಗಿನ ಸೂಚನೆಗಳ ಒಂದು ಚೀಟಿ ಕೊಡುವುದು ಉಚಿತ.

1. ಎಲ್ಲಿಗೆ ಹೋಗುವಿರಿ, ಯಾವ ತಿಂಗಳು ಎಂದು ಮೊದಲು ನಿರ್ಧರಿಸಿ. ಎರಡು ಬಗೆಯ ಗೂಟಗಳನ್ನು ಒಯ್ಯಿರಿ. ಎರಡು ಮೂರು ಹೆಚ್ಚಿಗೆ ಇರಲಿ.

2. ಗೂಟದ ತಲೆ ಡೇರೆಯಿಂದ ಆಚೆಗೆ ವಾಲಿರಲಿ, ಹಗ್ಗ ಮತ್ತು ಗೂಟದ ನಡುವೆ ಸುಮಾರು ಕಾಟಕೋನವಿರಲಿ. ಕೊಕ್ಕೆಯು ನೆಲಕ್ಕೆ ತಾಗುವವರೆಗೆ ಇಳಿಸಿ. ಅರ್ಧ ಹೊರಗುಳಿದ ಗೂಟವನ್ನು ಹಗ್ಗವು ಸನ್ನೆಗೋಲಿನಂತೆ ಮೀಟುತ್ತದೆ.

3. ಹಗ್ಗವನ್ನು ದೂರಕ್ಕೆ ಎಳೆದು ಕಟ್ಟಿ. ಹಗ್ಗ ಕಡಿದಾಗಿದ್ದಷ್ಟೂ ಗೂಟವನ್ನು ಮೇಲಕ್ಕೆ ಕೀಳುತ್ತದೆ.

4. ಒಣಗಿದ ಎರೆಭೂಮಿಯಲ್ಲಿ ಬಿರುಕುಗಳ ನಡುವಿನ ಗಟ್ಟಿ ಜಾಗ ಹುಡುಕಿ. ತೀರ ಗಟ್ಟಿಯಿದ್ದರೆ ಹಾರೆಯಿಂದ ಸಣ್ಣ ಕುಳಿ ಮಾಡಿ ಗೂಟ ಹೊಡೆಯಿರಿ. ಸುತ್ತಲೂ ನೀರು ಸುರಿದು ನೆಲವನ್ನು ಮೆತ್ತಗೆ ಮಾಡಬೇಡಿ.

5. ಮೆತ್ತನೆಯ ನೆಲದಲ್ಲಿ ಒಂದರ ಹಿಂದೆ ಒಂದು ಜೋಡಿ ಗೂಟ ನೆಟ್ಟು, ಮುಂದಿನದರ ತಲೆಯನ್ನು ಹಿಂದಿನದರ ಬುಡಕ್ಕೆ ಕಟ್ಟಿ.

6. ಕೀಳುವಾಗ ಡೇರೆಯ ಹಗ್ಗ ಹಿಡಿದು ಜಗ್ಗಬೇಡಿ. ಗೂಟ ಸಿಡಿದು ಮುಖಕ್ಕೆ ಬಡಿಯಬಹುದು. ಕೊಕ್ಕೆಗೆ ಇನ್ನೊಂದು ಗೂಟ ಸಿಕ್ಕಿಸಿ, ತಿರುವಿ, ಮೆಲ್ಲಗೆ ಎತ್ತಿ.

7. ಚಿಂಚೋಳಿ ವನ್ಯಜೀವಿಧಾಮದಂಥ ಅರಣ್ಯ ಪ್ರದೇಶದಲ್ಲಿ ಅರಣ್ಯ ಇಲಾಖೆಯ ಅನುಮತಿ ಪಡೆದು, ಅವರು ತೋರಿಸಿದ ಸ್ಥಳದಲ್ಲಿ ಮಾತ್ರ ಡೇರೆ ಹಾಕಿ.

8. ಸಿಡಿಲು, ಬಿರುಗಾಳಿಯ ಸೂಚನೆ ಕಂಡರೆ ಡೇರೆಯನ್ನು ನಂಬಿ ಕೂಡಬೇಡಿ. ಮಕ್ಕಳೊಂದಿಗೆ ಪಕ್ಕಾ ಕಟ್ಟಡಕ್ಕೆ ಅಥವಾ ಕಾರಿನೊಳಕ್ಕೆ ತೆರಳಿ.

ಉಪಸಂಹಾರ

ಒಟ್ಟಿನಲ್ಲಿ ಹೇಳುವುದಾದರೆ, ಕಲಬುರಗಿ ಮತ್ತು ಕಮಲಾಪುರ ಭಾಗದ ಕುಟುಂಬಕ್ಕೆ 8 ಅಥವಾ 10 ಮಿ.ಮೀ. ದಪ್ಪದ, 30 ಸೆಂ.ಮೀ.ನ ಉಕ್ಕಿನ ಗೂಟಗಳು ಎಂಟು, ಮಳೆಗಾಲಕ್ಕೂ ತೋಟದ ಮಣ್ಣಿಗೂ 40 ಸೆಂ.ಮೀ.ನ ಕೋನಾಕೃತಿಯವು ಆರು ಇದ್ದರೆ ಹೆಚ್ಚಿನ ಸಂದರ್ಭಗಳಿಗೆ ಸಾಕಾಗುತ್ತದೆ. ಇವೆರಡನ್ನೂ ಇಲ್ಲಿಯೇ ತಯಾರಿಸಬಹುದು. ಹುಲ್ಲುಗಾವಲಿನ ನೆಲಕ್ಕಾಗಿ ಎಲ್ಲೋ ತಯಾರಾದ ತಂತಿ ಗೂಟವನ್ನು ಎರೆಭೂಮಿಯ ಗ್ರಾಹಕನಿಗೆ ಕೊಡುವುದಕ್ಕಿಂತ, ಈ ನೆಲವನ್ನು ಬಲ್ಲ ಕಮ್ಮಾರಿಕೆಯ ಕೈಯಿಂದ ಬಂದ ಗೂಟವನ್ನು ಕೊಡುವುದು ಗ್ರಾಹಕನಿಗೂ ಹಿತ, ಸ್ಥಳೀಯ ಘಟಕಗಳಿಗೂ ಹಿತ. ಬೇಸಿಗೆಯ ಹಂಗಾಮಿಗೆ ಸರಕು ತುಂಬುವ ವರ್ತಕರು ಫೆಬ್ರವರಿಯೊಳಗೆ ಮಾದರಿಗಳನ್ನು ತರಿಸಿ, ಊರ ಹೊರಗಿನ ಹೊಲದಲ್ಲಿ ನಾಲ್ಕು ಗೂಟ ನೆಟ್ಟು ಎಳೆದು ನೋಡಿ, ಆನಂತರವೇ ಬೇಡಿಕೆ ಸಲ್ಲಿಸುವುದು ಲೇಸು.